ಬ್ರ್ಯಾಂಡಿಂಗ್, ಪ್ಯಾಕೇಜಿಂಗ್, ಮೋಷನ್: ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಯಾವುದನ್ನು ಹಿಡಿಯಬೇಕು?

ಗ್ರಾಫಿಕ್ ಡಿಸೈನ್ ಓದುವವರು ಕೊನೆಯ ವರ್ಷದ ಪ್ರಾಜೆಕ್ಟ್ ಆರಿಸುವ ಹೊತ್ತಿಗೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ‘ನನಗೆ ಇಲಸ್ಟ್ರೇಟರ್ ಚೆನ್ನಾಗಿ ಬರುತ್ತೆ, ಬ್ರ್ಯಾಂಡಿಂಗ್ ತಗೋತೀನಿ’ ಅನ್ನುವುದು ಒಂದು. ‘ಈಗ ಮೋಷನ್‌ಗೇ ಡಿಮ್ಯಾಂಡ್ ಅಂತೆ’ ಅನ್ನುವುದು ಇನ್ನೊಂದು. (ಬ್ರ್ಯಾಂಡಿಂಗ್ ಅಂದರೆ ಲೋಗೊ, ಬಣ್ಣ, ಅಕ್ಷರ ಸೇರಿಸಿ ಒಂದು ಸಂಸ್ಥೆಗೆ ಗುರುತು ಕಟ್ಟುವುದು; ಮೋಷನ್ ಅಂದರೆ ಚಲಿಸುವ ಗ್ರಾಫಿಕ್ಸ್.) ಪ್ಯಾಕೇಜಿಂಗ್ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವವರು ಕಡಿಮೆ. ಉಳಿದೆರಡೂ ಬೇಡ ಅನ್ನಿಸಿದವರು ಕೊನೆಗೆ ಅಲ್ಲಿಗೆ ಬರುತ್ತಾರೆ. ಸಾಫ್ಟ್‌ವೇರ್ ಕೈಗೆ ಕುಳಿತಿದೆ, ಮಾರುಕಟ್ಟೆಯಲ್ಲಿ ಬೇಡಿಕೆಯಿದೆ ಅನ್ನುವುದೆಲ್ಲ ಸುಳ್ಳು ಕಾರಣಗಳೇನಲ್ಲ. ಆದರೆ ಆ ಕಾರಣಕ್ಕೆ ಶುರುಮಾಡಿದ ಕೆಲಸ ಅರ್ಧಕ್ಕೆ ಬಂದು ಜೋತುಬಿದ್ದಾಗ ಮುಂದೇನು ಅಂತ ಅವು ಹೇಳಿಕೊಡುವುದಿಲ್ಲ.

ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಇದನ್ನು: ಮಾಡಿದ್ದು ತಪ್ಪಾಗಿದ್ದರೆ ಅದು ನಿಮಗೆ ಹೇಗೆ ಗೊತ್ತಾಗುತ್ತದೆ, ಎಷ್ಟು ಬೇಗ ಗೊತ್ತಾಗುತ್ತದೆ? ಮೂರರ ನಡುವಿನ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ಪ್ಯಾಕೇಜಿಂಗ್‌ನಲ್ಲಿ ರಟ್ಟು ಮಡಿಸಿದ ದಿನವೇ ಉತ್ತರ ಸಿಗುತ್ತದೆ. ಮೋಷನ್‌ನಲ್ಲಿ ಪ್ಲೇ ಒತ್ತಿದರೆ ತಿಳಿಯುತ್ತದೆ, ಆದರೆ ಪ್ಲೇ ಒತ್ತುವಷ್ಟು ಕೆಲಸ ಆಗುವುದಕ್ಕೇ ವಾರಗಟ್ಟಲೆ ಬೇಕು. ಬ್ರ್ಯಾಂಡಿಂಗ್‌ನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ನೀವೇ ಹುಡುಕಿಕೊಂಡು ಹೋಗಿ ಕೇಳಬೇಕು.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದೇ ಬ್ರೀಫ್ (ಏನು, ಯಾರಿಗಾಗಿ ಮಾಡಬೇಕು ಅನ್ನುವ ಕೆಲಸದ ವಿವರ) ಇಟ್ಟುಕೊಂಡು ಮೂರನ್ನೂ ನೋಡೋಣ. ವಸ್ತು: ಕಿವಿಗೆ ಹಾಕುವ ಶ್ರವಣ ಸಾಧನದ ಬಟನ್ ಬ್ಯಾಟರಿ. ಇದು ಝಿಂಕ್-ಏರ್ ಬ್ಯಾಟರಿ. ಬೆನ್ನಿಗೆ ಚಿಕ್ಕದೊಂದು ಸ್ಟಿಕ್ಕರ್ ಅಂಟಿರುತ್ತದೆ. ಅದನ್ನು ಕಿತ್ತರೆ ಗಾಳಿ ಒಳಗೆ ಹೋಗಿ ಬ್ಯಾಟರಿ ಜೀವ ಪಡೆಯುತ್ತದೆ. ಕಿತ್ತಮೇಲೆ ಕೆಲವು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿದರೆ ಒಳ್ಳೆಯದು. ಸಾಮಾನ್ಯವಾಗಿ ನಾಲ್ಕು ಸೈಜ್, ನಾಲ್ಕಕ್ಕೂ ಬಣ್ಣ ನಿಗದಿಯಾಗಿದೆ: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಯಾವ ಕಂಪನಿಯದ್ದು ಕೊಂಡರೂ ಬಣ್ಣ ಇದೇ. 312 ಮತ್ತು 13 ಎರಡರ ಅಡ್ಡಳತೆಯೂ 7.9 ಮಿ.ಮೀ.; ಒಂದರ ದಪ್ಪ 3.6, ಇನ್ನೊಂದರದ್ದು 5.4. ಮೇಲಿನಿಂದ ನೋಡಿದರೆ ಅವಳಿಜವಳಿ. ಬಳಸುವವರಲ್ಲಿ ಬಹಳಷ್ಟು ಜನ ವಯಸ್ಸಾದವರು, ಕಣ್ಣು ಮಂಜಾಗಿರುತ್ತದೆ, ಬೆರಳು ಸಣ್ಣಗೆ ನಡುಗುತ್ತಿರುತ್ತದೆ. ವಿದ್ಯಾರ್ಥಿ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಇಲ್ಲದ ಕಾಫಿ ಕಂಪನಿಗೇ ಲೋಗೊ ಮಾಡುತ್ತಾರೆ, ಯಾಕೋ.

ಬ್ರ್ಯಾಂಡಿಂಗ್: ಶುರು ಸುಲಭ, ಮುಗಿಸುವುದು ಕಷ್ಟ

ಈ ಬ್ಯಾಟರಿಗೆ ಬ್ರ್ಯಾಂಡಿಂಗ್ ಮಾಡಲು ಕೂತರೆ ಮೊದಲ ಏಟು ಬೀಳುವುದು ಬಣ್ಣದ ಮೇಲೆ. ಹಳದಿ, ಕಂದು, ಕಿತ್ತಳೆ, ನೀಲಿ ನಾಲ್ಕೂ ಈಗಾಗಲೇ ಬಳಕೆದಾರರ ಸೊತ್ತು. ‘ನಮ್ಮ ಬ್ರ್ಯಾಂಡ್ ಕಲರ್ ಕಿತ್ತಳೆ’ ಎಂದಿರೋ, 13ನೇ ಸೈಜ್ ಬೇಕಾದವರು ನಿಮ್ಮ ಯಾವ ಪೊಟ್ಟಣ ಕಂಡರೂ ಅದಕ್ಕೇ ಕೈಹಾಕುತ್ತಾರೆ. ಎರಡನೇ ಏಟು ಅಳತೆಯದ್ದು. 10ನೇ ಸೈಜ್ ಬ್ಯಾಟರಿಯ ಅಡ್ಡಳತೆ 5.8 ಮಿ.ಮೀ. ನಿಮ್ಮ ಗುರುತು ಅಲ್ಲಿ ಕಾಣಿಸಿಕೊಳ್ಳಬೇಕೆಂದರೆ ಅದು ಒಂದು ಚುಕ್ಕೆಗಿಂತ ಸ್ವಲ್ಪ ದೊಡ್ಡದಿರುತ್ತದೆ, ಅಷ್ಟೇ. ಗ್ರೇಡಿಯಂಟು, ಕೂದಲೆಳೆಯಂಥ ರೇಖೆ ಎಲ್ಲ ಅಲ್ಲಿಗೆ ಮುಗಿಯಿತು.

ಇಂಥ ಬ್ರೀಫ್ ಅಡ್ಡ ನಿಂತು ಬೇಡ ಅನ್ನುತ್ತದೆ. ಆದರೆ ವಿದ್ಯಾರ್ಥಿಗಳು ಆರಿಸಿಕೊಳ್ಳುವ ಬ್ರೀಫ್‌ಗಳಲ್ಲಿ ಹೆಚ್ಚಿನವು ಬೇಡ ಅನ್ನುವುದೇ ಇಲ್ಲ. ಕಲ್ಪನೆಯ ಕಂಪನಿ, ಕಲ್ಪನೆಯ ಗ್ರಾಹಕ, ತಾನೇ ಬರೆದ ‘ಬ್ರ್ಯಾಂಡ್ ವ್ಯಾಲ್ಯೂ’. ಹೀಗಿದ್ದರೆ ಮೊದಲನೇ ಲೋಗೊವೂ ಸರಿ, ಮೂವತ್ತನೆಯದೂ ಸರಿ. ಕೊನೆಗೆ ಲೋಗೊ ಬಳಸುವ ನಿಯಮಗಳ ಅರವತ್ತು ಪುಟದ ಗೈಡ್‌ಲೈನ್ ಆಗುತ್ತದೆ. ಅದರಲ್ಲಿ ಇಪ್ಪತ್ತು ಪುಟ ಲೋಗೊವನ್ನು ಹೇಗೆ ಎಳೆಯಬಾರದು, ಹಿಂಡಬಾರದು, ಓರೆ ಮಾಡಬಾರದು ಅನ್ನುವುದಕ್ಕೇ ಹೋಗಿರುತ್ತದೆ.

ಗೈಡ್‌ಲೈನ್ ಇರುವುದು ಬೇರೆಯವರ ಕೈಗೆ ಕೊಡಲಿಕ್ಕೆ. 1970ರಲ್ಲಿ ನ್ಯೂಯಾರ್ಕ್ ಸಬ್‌ವೇಗೆ ಮಾಸಿಮೊ ವಿನ್ಯೆಲ್ಲಿ ಮತ್ತು ಬಾಬ್ ನೋರ್ಡಾ ಸಿದ್ಧಪಡಿಸಿದ ಮ್ಯಾನ್ಯುಯಲ್ ಬೋರ್ಡ್ ತಯಾರಿಸುವವರಿಗಾಗಿ, ನಿಲ್ಲಿಸುವವರಿಗಾಗಿ ಬರೆದದ್ದು. ಆ ಕೆಲಸಗಾರನಿಗೆ ‘ಬ್ರ್ಯಾಂಡ್‌ನ ಆತ್ಮ’ ಬೇಕಿಲ್ಲ. ಬಾಣದ ಗುರುತು ಎಡಕ್ಕೋ ಬಲಕ್ಕೋ, ಅಕ್ಷರದ ನಡುವೆ ಎಷ್ಟು ಜಾಗ, ಅದು ಗೊತ್ತಾದರೆ ಸಾಕು. ನಿಮ್ಮ ಗೈಡ್‌ಲೈನನ್ನು ಇನ್ನೊಬ್ಬ ಸಹಪಾಠಿಗೆ ಕೊಟ್ಟು, ಬಾಯಿಬಿಡದೆ ಪಕ್ಕದಲ್ಲಿ ಕೂತು, ‘ಒಂದು ಪೋಸ್ಟರ್ ಮಾಡು’ ಅನ್ನಿ. ಬಂದ ಪೋಸ್ಟರ್ ನಿಮ್ಮ ಬ್ರ್ಯಾಂಡಿನದ್ದೇ ಅನ್ನಿಸಿದರೆ ಕೆಲಸ ಆಗಿದೆ. ಆಮೇಲೆ ಅದೇ ಪೋಸ್ಟರ್‌ನ ಲೋಗೊ ಮೇಲೆ ಬೆರಳಿಟ್ಟು ಮುಚ್ಚಿ ನೋಡಿ. ಆಗಲೂ ನಿಮ್ಮದು ಅನ್ನಿಸಿದರೆ ನಿಜಕ್ಕೂ ಆಗಿದೆ. ಬ್ರ್ಯಾಂಡಿಂಗ್‌ಗೆ ಇರುವ ಅಗ್ಗದ, ನಂಬಬಹುದಾದ ಪರೀಕ್ಷೆ ಇವೆರಡು. ಸಬ್ಮಿಷನ್‌ಗೆ ನಾಲ್ಕು ವಾರ ಇರುವಾಗಲೇ ಮಾಡಿದರೆ ಮಾತ್ರ ಪ್ರಯೋಜನ.

ವಿದ್ಯಾರ್ಥಿ ಮಾಡಿದ ಗುರುತು ಎಷ್ಟು ದೂರ ಹೋಗಬಹುದು, ಹಾಗೇ ಎಲ್ಲಿ ದಾರಿ ತಪ್ಪಬಹುದು ಅನ್ನುವುದಕ್ಕೆ ಮರುಬಳಕೆಯ ಮೂರು ಬಾಣಗಳ ಚಿಹ್ನೆ ಸಾಕ್ಷಿ. 1970ರಲ್ಲಿ ಗ್ಯಾರಿ ಆ್ಯಂಡರ್ಸನ್ ಅದನ್ನು ಒಂದು ಸ್ಪರ್ಧೆಗಾಗಿ ಬಿಡಿಸಿದಾಗ ಅವರಿಗೆ 23 ವರ್ಷ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಗುರುತು ಗೆದ್ದಿತು, ಜಗತ್ತೆಲ್ಲ ಹರಡಿತು. 1988ರಲ್ಲಿ ಪ್ಲಾಸ್ಟಿಕ್ ಉದ್ಯಮದವರು ಅದನ್ನೇ ಹೋಲುವ ಬಾಣಗಳ ತ್ರಿಕೋನದೊಳಗೆ 1ರಿಂದ 7ರವರೆಗೆ ಅಂಕಿಗಳನ್ನು ಕೂರಿಸಿದರು. ಅದು ಹೇಳುತ್ತಿದ್ದದ್ದು ಪ್ಲಾಸ್ಟಿಕ್ ಯಾವ ಜಾತಿಯದ್ದು ಅಂತ ಮಾತ್ರ. ಜನ ಓದಿಕೊಂಡದ್ದು ‘ಇದು ಮರುಬಳಕೆ ಆಗುತ್ತದೆ’ ಅಂತ. 2013ರಲ್ಲಿ ಆ ಮಾನದಂಡ ತಿದ್ದಿ ಬಾಣಗಳ ಜಾಗದಲ್ಲಿ ಬರೀ ತ್ರಿಕೋನ ತಂದರೂ ಗೊಂದಲ ಇನ್ನೂ ಪೂರ್ತಿ ಹೋಗಿಲ್ಲ. ಗುರುತು ಚೆನ್ನಾಗಿತ್ತು. ಅದನ್ನು ಯಾರು, ಎಲ್ಲಿ, ಯಾವ ಅರ್ಥಕ್ಕೆ ಬಳಸಬಹುದು ಅನ್ನುವುದನ್ನು ಕಾಯುವ ವ್ಯವಸ್ಥೆ ಅದರ ಹಿಂದೆ ಇರಲಿಲ್ಲ. ಬ್ರ್ಯಾಂಡಿಂಗ್ ಪ್ರಾಜೆಕ್ಟ್‌ನ ತೂಕ ಇರುವುದು ಆ ವ್ಯವಸ್ಥೆಯಲ್ಲಿ.

ಪ್ಯಾಕೇಜಿಂಗ್: ಮೊದಲ ದಿನದಿಂದಲೇ ಜಗಳ

ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ: ಯಾವುದನ್ನು ಆರಿಸಬೇಕೆಂದು ಸ್ಪಷ್ಟವಿಲ್ಲದವರಿಗೆ ನಾನು ಇದನ್ನೇ ಹೇಳುವುದು.

ಬ್ಯಾಟರಿಯ ಪೊಟ್ಟಣಕ್ಕೆ ಬನ್ನಿ. ಮಗು ಕೈಗೆ ಸಿಕ್ಕಿದರೆ ತೆಗೆದು ನುಂಗುವಂತಿರಬಾರದು. ಎಪ್ಪತ್ತೈದು ದಾಟಿದ ಅಜ್ಜಿ ತಾವೇ ತೆಗೆಯುವಂತಿರಬೇಕು. ಎರಡು ಬೇಡಿಕೆಗಳೂ ಒಂದಕ್ಕೊಂದು ಎದುರು ನಿಂತಿವೆ, ಡಿಸೈನ್ ಕೆಲಸ ಇರುವುದು ಅವುಗಳ ಮಧ್ಯೆ. ಶಕ್ತಿ ಕೇಳುವ ಮುಚ್ಚಳ ಹಾಕಿದರೆ ಅಜ್ಜಿ ಸೋಲುತ್ತಾರೆ. ಎರಡು ಹೆಜ್ಜೆಯ ಉಪಾಯ ಕೇಳುವ, ಬಲ ಕೇಳದ ಮುಚ್ಚಳವಾದರೆ? ಅದನ್ನು ಸ್ಕ್ರೀನ್ ಮೇಲೆ ಬಿಡಿಸಿ ತಿಳಿಯಲಾಗುವುದಿಲ್ಲ. ಮಾಡಿ ನೋಡಬೇಕು.

ಮಾಡಿ ನೋಡುವುದೆಂದರೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ರಟ್ಟು, ಸ್ಟೀಲ್ ಸ್ಕೇಲು, ಕಟ್ಟರ್. ಡೈಲೈನ್‌ನಲ್ಲಿ (ಬಿಚ್ಚಿಟ್ಟ ಪೆಟ್ಟಿಗೆಯ ನಕ್ಷೆ) ಕತ್ತರಿಸುವ ಗೆರೆ ಬೇರೆ, ಮಡಿಸುವ ಗೆರೆ ಬೇರೆ. ಬಣ್ಣ ಅಂಚಿನಾಚೆ 3 ಮಿ.ಮೀ. ಚಾಚಿರಬೇಕು. ಇದೆಲ್ಲ ಗೊತ್ತಿದ್ದವರೂ ಮೊದಲ ಡಮ್ಮಿ (ಪೆಟ್ಟಿಗೆಯ ಮಾದರಿ) ಮಾಡಿದಾಗ ಆಗುವುದು ಹೀಗೆ: ಮುಚ್ಚಳದ ನಾಲಿಗೆ ಒಳಗೆ ಹೋಗುವುದಿಲ್ಲ. ಸ್ಕ್ರೀನ್ ಮೇಲೆ ಎರಡೂ ಬದಿ 40 ಮಿ.ಮೀ. ಇತ್ತು, ಸರಿಯಾಗಿತ್ತು. ಆದರೆ ರಟ್ಟಿಗೂ ಒಂದು ದಪ್ಪವಿದೆ, ಮಡಿಕೆಗೂ ಜಾಗ ಬೇಕು. ಒಳಗೆ ಹೋಗುವ ಭಾಗ ಅರ್ಧ ಮಿಲಿಮೀಟರಾದರೂ ಚಿಕ್ಕದಿರಬೇಕಿತ್ತು. ಒತ್ತಿ ತುರುಕಿದರೆ ಗೋಡೆ ಉಬ್ಬುತ್ತದೆ. ಮಡಿಕೆಯ ಮೇಲೆ ಕಡುನೀಲಿ ಶಾಯಿ ಇದ್ದರೆ ಅಲ್ಲಿ ಬಿರುಕು ಬಿಟ್ಟು ಬಿಳಿ ಗೆರೆ ಇಣುಕುತ್ತದೆ, ಅದರಲ್ಲೂ ಕಾಗದದ ನಾರಿಗೆ ಅಡ್ಡಲಾಗಿ ಮಡಿಸಿದ್ದರೆ. ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ಚಿತ್ರ ತೋರಿಸುವ ಯಾವ ಮಾಕಪ್ ಫೈಲೂ ಈ ಬಿಳಿ ಗೆರೆಯನ್ನು ತೋರಿಸುವುದಿಲ್ಲ. ಅಲ್ಲಿ ಪ್ರತಿ ಮಡಿಕೆಯೂ ಚೂಪು, ಪ್ರತಿ ನೆರಳೂ ಮೃದು, ಎಲ್ಲರ ಪೆಟ್ಟಿಗೆಯೂ ಅದೇ ಬೂದು ಮೇಜಿನ ಮೇಲೆ ಅದೇ ಕೋನದಲ್ಲಿ ಕೂತಿರುತ್ತದೆ.

ಇನ್ನು ಬಾರ್‌ಕೋಡ್. ವಿದ್ಯಾರ್ಥಿಗಳ ಪ್ಯಾಕ್‌ಗಳಲ್ಲಿ ಇದೊಂದು ಅಲಂಕಾರ: ಹೆಬ್ಬೆರಳಿನ ಉಗುರಿನಷ್ಟು, ಬ್ರ್ಯಾಂಡ್ ಬಣ್ಣದಲ್ಲಿ. 13 ಅಂಕಿಯ ಇಎಎನ್ ಬಾರ್‌ಕೋಡ್‌ನ ಮೂಲ ಅಳತೆ 37.29 × 25.93 ಮಿ.ಮೀ.; ಕುಗ್ಗಿಸಬಹುದಾದದ್ದು ಶೇ. 80ರವರೆಗೆ. ಅಂದರೆ ಅಗಲ ಸುಮಾರು 30 ಮಿ.ಮೀ. ಬೇಕೇ ಬೇಕು, ಅದರಲ್ಲಿ ಎರಡೂ ಪಕ್ಕದ ಖಾಲಿ ಜಾಗವೂ ಸೇರಿತು. ಬಿಳಿಯ ಮೇಲೆ ಕೆಂಪು ಗೆರೆಗಳನ್ನು ಎಳೆದರೆ ಕಣ್ಣಿಗೆ ಚೆಂದ. ಸ್ಕ್ಯಾನರ್‌ನ ಬೆಳಕೂ ಕೆಂಪಾದ್ದರಿಂದ ಅದಕ್ಕೆ ಗೆರೆಗಳೇ ಕಾಣುವುದಿಲ್ಲ. ಅಂಗೈಯಗಲದ ಬ್ಯಾಟರಿ ಪೊಟ್ಟಣದಲ್ಲಿ ಈ 30 ಮಿ.ಮೀ. ಬಿಟ್ಟುಕೊಟ್ಟಮೇಲೆ ಸೈಜ್‌ನ ಅಂಕಿ ಎಲ್ಲಿ, ಎಚ್ಚರಿಕೆ ಎಲ್ಲಿ, ಹೆಸರೆಲ್ಲಿ? ಯಾವುದು ದೊಡ್ಡದು ಅನ್ನುವ ತೀರ್ಮಾನಕ್ಕೆ ಬರಲೇಬೇಕಾಗುತ್ತದೆ. ನನ್ನ ಪ್ರಕಾರ ಹೆಸರು ಕಡೆಯದು. 312 ಅಥವಾ 13 ಅನ್ನುವುದು ಕನ್ನಡಕ ಇಲ್ಲದೆ ಕಾಣಬೇಕು.

ಈ ದಾರಿಯಲ್ಲಿ ಒಬ್ಬ ವಿದ್ಯಾರ್ಥಿ ಎಷ್ಟು ದೂರ ಹೋಗಬಹುದು ಅನ್ನುವುದನ್ನು ಡೆಬೊರಾ ಆ್ಯಡ್ಲರ್ ತೋರಿಸಿದ್ದಾರೆ. ಅವರ ಅಜ್ಜಿ ಒಮ್ಮೆ ತಪ್ಪಿ ಅಜ್ಜನ ಮಾತ್ರೆ ನುಂಗಿದ್ದರು. ಎರಡು ಬಾಟಲಿಗಳೂ ಒಂದೇ ಥರ ಕಾಣುತ್ತಿದ್ದವು. ನ್ಯೂಯಾರ್ಕ್‌ನ ಸ್ಕೂಲ್ ಆಫ್ ವಿಷುಯಲ್ ಆರ್ಟ್ಸ್‌ನಲ್ಲಿ ಸ್ನಾತಕೋತ್ತರ ಪ್ರಾಜೆಕ್ಟ್‌ಗೆ ಅವರು ಎತ್ತಿಕೊಂಡದ್ದು ಇದನ್ನೇ. ಅಮೆರಿಕದ ಅಂಗಡಿ ಸರಣಿ ಟಾರ್ಗೆಟ್ 2005ರಲ್ಲಿ ಅದನ್ನು ಕ್ಲಿಯರ್‌ಆರ್‌ಎಕ್ಸ್ ಎಂಬ ಹೆಸರಿನಲ್ಲಿ ತನ್ನ ಔಷಧಿ ಅಂಗಡಿಗಳಿಗೆ ತಂದಿತು. ಮುಚ್ಚಳ ಕೆಳಗೆ ಬರುವಂತೆ ತಲೆಕೆಳಗಾಗಿ ನಿಲ್ಲುವ ಕೆಂಪು ಬಾಟಲಿ. ದುಂಡಗಿದ್ದ ಮೈ ಚಪ್ಪಟೆಯಾದ್ದರಿಂದ ಲೇಬಲ್ ಓದಲು ಬಾಟಲಿ ತಿರುಗಿಸುವ ಕಷ್ಟವಿಲ್ಲ. ಮೇಲ್ತುದಿಯಲ್ಲೇ ಔಷಧಿಯ ಹೆಸರು. ಮನೆಯ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಉಂಗುರ. ಗಮನಿಸಿ, ಇಲ್ಲಿ ಬಣ್ಣ ಕಂಪನಿಯದ್ದಲ್ಲ, ಮಾತ್ರೆ ತೆಗೆದುಕೊಳ್ಳುವವರದ್ದು. ‘ಇದು ಬ್ರ್ಯಾಂಡಿಂಗೋ ಪ್ಯಾಕೇಜಿಂಗೋ’ ಎಂದು ಯಾರೂ ಕೇಳಲಿಲ್ಲ. ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅದನ್ನು ತನ್ನ ಸಂಗ್ರಹಕ್ಕೂ ಸೇರಿಸಿಕೊಂಡಿತು.

ಪ್ಯಾಕೇಜಿಂಗ್‌ನ ತೊಂದರೆಯೂ ಇದೆ, ಮುಚ್ಚಿಡುವುದು ಬೇಡ. ಕೈಕೆಲಸ ಬೇಸರ ಅನ್ನುವವರಿಗೆ ಇದು ಹೇಳಿಸಿದ್ದಲ್ಲ. ಏಳೆಂಟು ಡಮ್ಮಿ ಮಾಡದೆ ಒಂದು ಪೆಟ್ಟಿಗೆ ಕೂರುವುದಿಲ್ಲ. ಆನ್‌ಲೈನ್ ಪೋರ್ಟ್‌ಫೋಲಿಯೊದಲ್ಲಿ ಅದರ ಅರ್ಧ ಗುಣ ಕಳೆದುಹೋಗುತ್ತದೆ, ಯಾಕೆಂದರೆ ತೆರೆಯುವಾಗಿನ ಹಿತ ಫೋಟೊದಲ್ಲಿ ಬರುವುದಿಲ್ಲ. ಅದಕ್ಕೇ ಕೈ ಕಾಣುವ ಫೋಟೊ ಹಾಕಿ. ನಿಜವಾದ ಡಮ್ಮಿ, ನಿಜವಾದ ಬೆರಳು. ಮೂಲೆ ಸ್ವಲ್ಪ ಸೊಟ್ಟಗಿದ್ದರೂ ಪರವಾಗಿಲ್ಲ. ಇನ್ನೊಂದು: ಪ್ಯಾಕೇಜಿಂಗ್ ಅಂದುಕೊಂಡು ಮಾಡಿದ್ದು ಬರೀ ಲೇಬಲ್ ಆಗಿಬಿಡುವುದುಂಟು. ಬಾಟಲಿ ಅದೇ, ಮುಚ್ಚಳ ಅದೇ, ಮೇಲೆ ಹೊಸ ಚಿತ್ರ. ಆಗ ಅದು ಚಿತ್ರಕಲೆಯ ಪ್ರಾಜೆಕ್ಟ್. ಪ್ಯಾಕೇಜಿಂಗ್ ಎಂದು ಒಪ್ಪಿಸಿದರೆ ಜ್ಯೂರಿಯಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಮೋಷನ್: ಕಾಲ ನಿಮ್ಮ ಕಡೆ ಇರುವುದಿಲ್ಲ

ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 20 ಸೆಕೆಂಡ್ ಅಂದರೆ 480 ಫ್ರೇಮ್. ಎಲ್ಲವನ್ನೂ ಕೈಯಲ್ಲಿ ಬಿಡಿಸಬೇಕಿಲ್ಲ, ಕೀಫ್ರೇಮ್‌ಗಳಿವೆ: ಮುಖ್ಯ ಫ್ರೇಮ್‌ಗಳನ್ನು ನೀವಿಟ್ಟರೆ ನಡುವಿನದ್ದನ್ನು ಸಾಫ್ಟ್‌ವೇರ್ ತುಂಬುತ್ತದೆ. ಆದರೆ ಎಲ್ಲವಕ್ಕೂ ನೀವೇ ಜವಾಬ್ದಾರರು. ಮೋಷನ್ ಆರಿಸಿದವರಲ್ಲಿ ಹೆಚ್ಚಿನವರು ಒಂದು ನಿಮಿಷದ ಯೋಜನೆ ಹಾಕಿ, ಕೊನೆಗೆ ಹದಿನೈದು ಸೆಕೆಂಡ್ ಮುಗಿಸಿ, ಉಳಿದದ್ದನ್ನು ನಿಧಾನವಾಗಿ ತಿರುಗುವ ಲೋಗೊದಿಂದ ತುಂಬುತ್ತಾರೆ. ಹದಿನೈದು ಸೆಕೆಂಡನ್ನೇ ಯೋಜನೆ ಹಾಕಿದ್ದರೆ ಒಳ್ಳೆಯ ಕೆಲಸ ಆಗುತ್ತಿತ್ತು.

ನಮ್ಮ ಬ್ಯಾಟರಿಗೆ ಮೋಷನ್ ಎಂದರೆ ಏನು? ಸ್ಟಿಕ್ಕರ್ ಕೀಳುವುದು, ಕಾಯುವುದು, ಹಾಕುವುದು. ಕೇಳಲು ಸುಲಭ. ಆದರೆ ನೋಡುವವರು ಈಗ ಕಿವಿಯಿಂದ ಸಾಧನ ತೆಗೆದು ಕೈಯಲ್ಲಿ ಹಿಡಿದಿದ್ದಾರೆ. ನಿಮ್ಮ ಹಿನ್ನೆಲೆ ಧ್ವನಿ, ಸಂಗೀತ ಯಾವುದೂ ಅವರಿಗೆ ಕೇಳುವುದಿಲ್ಲ. ಎಲ್ಲವನ್ನೂ ಚಲನೆ ಮತ್ತು ಅಕ್ಷರವೇ ಹೇಳಬೇಕು. ಅಕ್ಷರ ಬಂದು ಓದುವಷ್ಟು ಹೊತ್ತು ನಿಲ್ಲಬೇಕು. ಕಾಯಬೇಕಾದದ್ದು ಕೆಲವು ನಿಮಿಷ, ನಿಮ್ಮ ಹತ್ತಿರ ಇರುವುದು ಕೆಲವು ಸೆಕೆಂಡ್: ‘ಕಾಯಿರಿ’ ಎನ್ನುವುದನ್ನು ಅವಸರವಿಲ್ಲದಂತೆ ಹೇಗೆ ತೋರಿಸುತ್ತೀರಿ? ನಿಜವಾದ ಮೋಷನ್ ಪ್ರಶ್ನೆ ಅದು.

ಸ್ಟಿಕ್ಕರ್ ಕೀಳುವ ಆ ಒಂದು ಕ್ಷಣವನ್ನೇ ಹತ್ತಿರದಿಂದ ನೋಡಿ. ಎರಡು ಕೀಫ್ರೇಮ್ ಇಟ್ಟು ಲೀನಿಯರ್ (ಒಂದೇ ವೇಗ) ಬಿಟ್ಟರೆ ಅದು ಮೇಜಿನ ಮೇಲೆ ಜಾರುವ ಕಾಗದದಂತೆ ಕಾಣುತ್ತದೆ. ನಿಜದಲ್ಲಿ ಅಂಟು ಮೊದಲು ಎಳೆದು ಹಿಡಿಯುತ್ತದೆ. ಅಂಚು ಮಾತ್ರ ಏಳುತ್ತದೆ, ನಡು ಬಾಗುತ್ತದೆ, ಮೂರ್ನಾಲ್ಕು ಫ್ರೇಮ್ ಏನೂ ಆಗದಂತೆ ಇದ್ದು ಆಮೇಲೆ ಒಮ್ಮೆಗೇ ಬಿಟ್ಟುಕೊಳ್ಳುತ್ತದೆ, ತುದಿ ಒಂಚೂರು ಮುಂದಕ್ಕೆ ಹೋಗಿ ಹಿಂದೆ ಬಂದು ನಿಲ್ಲುತ್ತದೆ. ಗ್ರಾಫ್ ಎಡಿಟರ್‌ನಲ್ಲಿ ಆ ವೇಗದ ವಕ್ರರೇಖೆ ತಿದ್ದುವುದಕ್ಕೆ ಒಂದು ಮಧ್ಯಾಹ್ನ ಹೋಗುತ್ತದೆ. ಅದು ಸರಿಯಾದರೆ ‘ಇಲ್ಲಿ ಸ್ವಲ್ಪ ಬಲ ಬೇಕು’ ಎಂಬ ಸೂಚನೆಯನ್ನು ಬರೆಯುವ ಅಗತ್ಯವೇ ಬೀಳುವುದಿಲ್ಲ. ಇದು ನಿಮಗೆ ಖುಷಿ ಕೊಡುವ ಕೆಲಸವಾದರೆ ಮೋಷನ್ ನಿಮ್ಮದು. ‘ಒಂದು ಮಧ್ಯಾಹ್ನವೇ?’ ಅನ್ನಿಸಿದರೆ ಬೇಡ.

ಹಳೆಯ ದೂರದರ್ಶನದ ಲಾಂಛನ ನೆನಪಿರುವವರಿಗೆ ನೆನಪಿರುವುದು ಅದರ ಚಲನೆ: ಬಾಗಿದ ಆಕಾರಗಳು ಸುತ್ತುತ್ತ ಬಂದು ಒಂದು ಕಣ್ಣಾಗಿ ನಿಲ್ಲುತ್ತಿದ್ದವು. ಮೂಲ ಗುರುತು ಬಿಡಿಸಿದ ದೇವಾಶಿಸ್ ಭಟ್ಟಾಚಾರ್ಯ ಆಗ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನ ವಿದ್ಯಾರ್ಥಿ. ಆಕಾರ ಎಷ್ಟು ಸರಳವಾಗಿತ್ತೆಂದರೆ ತಿರುಗಿಸಿದಾಗಲೂ ಕೆಡಲಿಲ್ಲ. ತುಂಬಾ ವಿವರಗಳಿರುವ ಗುರುತು ಕುಣಿಯಲು ಹೋದರೆ ಎಡವುತ್ತದೆ.

ಎರಡು ತಾಂತ್ರಿಕ ಮಾತು. ಸೆಕೆಂಡಿಗೆ ಮೂರು ಬಾರಿಗಿಂತ ಹೆಚ್ಚು ಮಿನುಗುವ ಯಾವುದನ್ನೂ ಇಡಬೇಡಿ. ಕೆಲವರಿಗೆ ಅದು ಅಪಸ್ಮಾರದ ಸೆಳೆತ ತರಬಲ್ಲದು, ವೆಬ್ ಎಲ್ಲರಿಗೂ ಬಳಸಲಾಗುವಂತಿರಲಿ ಅಂತ ಇರುವ ಡಬ್ಲ್ಯೂಸಿಎಜಿ ನಿಯಮಗಳೂ ಅದನ್ನೇ ಹೇಳುತ್ತವೆ. ಮೊದಲ ಫ್ರೇಮ್ ಖಾಲಿ ಕಪ್ಪಾಗಿರದಿರಲಿ, ಎಷ್ಟೋ ಜನ ನೋಡುವುದು ಅದನ್ನೊಂದೇ.

‘ಮೂರನ್ನೂ ಮಾಡ್ತೀನಿ’ ಅನ್ನುವವರಿಗೆ

ಬೇಡ ಅನ್ನುವುದಿಲ್ಲ. ಆದರೆ ಒಂದು ಯಜಮಾನ, ಉಳಿದೆರಡು ಅತಿಥಿಗಳಾಗಿರಲಿ. ಪೊಟ್ಟಣವೇ ಮುಖ್ಯವಾದರೆ ಅದಕ್ಕೊಂದು ಗುರುತು ಬೇಕಾಗುತ್ತದೆ, ತೆರೆಯುವ ಕ್ರಮ ತೋರಿಸುವ ಆರು ಸೆಕೆಂಡ್ ಲೂಪ್ ಬೇಕಾಗಬಹುದು; ಅಷ್ಟಕ್ಕೆ ನಿಲ್ಲಿಸಿ. ಮೂರಕ್ಕೂ ಸಮಪಾಲು ಹಂಚಿದ ಪ್ರಾಜೆಕ್ಟ್‌ನಲ್ಲಿ ಸಾಮಾನ್ಯವಾಗಿ ಲೋಗೊ ಒಂದು ವಾರದ್ದು, ಪೆಟ್ಟಿಗೆ ಮಾಕಪ್‌ನದ್ದು, ಮೋಷನ್ ಅಂದರೆ ಆ ಲೋಗೊ ಮಸುಕಿನಿಂದ ಮೂಡಿಬರುವುದು.

ಗುರುತು ಹುಟ್ಟುವಾಗಲೇ ಚಲಿಸಬೇಕೆಂದಿದ್ದರೆ ಮಾತ್ರ ಲೆಕ್ಕ ಬೇರೆ. 1981ರಲ್ಲಿ ಶುರುವಾದ ಎಂಟಿವಿ ಚಾನೆಲ್‌ನ ಲೋಗೊ ಅಂಥದ್ದು: ದಪ್ಪ ಎಂ ಅಕ್ಷರದ ಆಕಾರ ಅದೇ, ಒಳಗಿನ ಬಣ್ಣ, ಮೈಯ ಬಗೆ ಮಾತ್ರ ಪ್ರತಿ ಸಲ ಬೇರೆ. ಅಲ್ಲಿ ಬ್ರ್ಯಾಂಡಿಂಗ್ ಎಲ್ಲಿ ಮುಗಿದು ಮೋಷನ್ ಎಲ್ಲಿ ಶುರು ಅಂತ ಗೆರೆ ಎಳೆಯಲಾಗುವುದಿಲ್ಲ. ಈ ಬಗೆಯದನ್ನು ಮಾಡುವುದಾದರೆ ಯಾವುದು ಬದಲಾಗುವುದಿಲ್ಲ ಅನ್ನುವುದನ್ನು ಮೊದಲ ವಾರವೇ ಬರೆದಿಡಿ. ಇಲ್ಲದಿದ್ದರೆ ಸಾವಿರ ರೂಪ ಇರುತ್ತವೆ, ಗುರುತು ಇರುವುದಿಲ್ಲ.

ಯಾರಿಗೆ ಯಾವುದು

ಬರೆಯಲು, ವಾದ ಮಾಡಲು, ನಿಯಮ ಕಟ್ಟಲು ಇಷ್ಟವಿದ್ದು, ಜೊತೆಗೆ ನಿಜವಾಗಿ ಇರುವ ಒಂದು ಸಂಸ್ಥೆಯ ಬಾಗಿಲು ತಟ್ಟುವ ಧೈರ್ಯವಿದ್ದರೆ ಬ್ರ್ಯಾಂಡಿಂಗ್. ಸಂಸ್ಥೆ ಚಿಕ್ಕದಿರಲಿ: ಒಂದು ಗ್ರಂಥಾಲಯ, ಒಂದು ನಾಟಕ ತಂಡ. ಅವರು ನಿಮ್ಮ ಕೆಲಸ ಬಳಸಬೇಕೆಂದೇನಿಲ್ಲ. ‘ಇದು ನಮಗೆ ಆಗಿಬರಲ್ಲ’ ಅನ್ನಬೇಕು, ಕಾರಣ ಹೇಳಬೇಕು. ಆ ಧೈರ್ಯ ಇಲ್ಲವಾದರೆ ಬ್ರ್ಯಾಂಡಿಂಗ್ ಬಿಡುವುದು ಲೇಸು. ಪೋರ್ಟ್‌ಫೋಲಿಯೊಗಳಲ್ಲಿ ತೀರಾ ಒಂದೇ ಥರ ಕಾಣುವುದು ಕಲ್ಪನೆಯ ಬ್ರ್ಯಾಂಡುಗಳೇ.

ಸಮಯ ಕಡಿಮೆ, ಅನುಮಾನ ಜಾಸ್ತಿ, ಒಬ್ಬರೇ ಕೆಲಸ ಮಾಡುತ್ತಿದ್ದೀರಿ ಅಂದರೆ ಪ್ಯಾಕೇಜಿಂಗ್. ಗುರುಗಳು ಸಿಗದ ದಿನವೂ ರಟ್ಟು ಸಿಗುತ್ತದೆ, ಅದು ಮುಲಾಜಿಲ್ಲದೆ ಮಾತಾಡುತ್ತದೆ.

ಈಗಾಗಲೇ ಟೈಮ್‌ಲೈನ್ ಮೇಲೆ ಕೈ ಪಳಗಿದ್ದರೆ ಮಾತ್ರ ಕೊನೆಯ ವರ್ಷ ಮೋಷನ್. ಸಾಫ್ಟ್‌ವೇರ್ ಕಲಿಯುವುದೂ ಪ್ರಾಜೆಕ್ಟ್ ಮಾಡುವುದೂ ಒಟ್ಟಿಗೆ ನಡೆದರೆ ಕೊನೆಗೆ ಕಾಣುವುದು ಕಲಿತ ಎಫೆಕ್ಟ್‌ಗಳೇ. ಕಂಪ್ಯೂಟರ್ ಹಳೆಯದಾದರೆ ರೆಂಡರ್‌ಗೆ (ಅಂತಿಮ ವಿಡಿಯೊ ತಯಾರಾಗುವುದಕ್ಕೆ) ಹಿಡಿಯುವ ಹೊತ್ತನ್ನು ಮೊದಲೇ ಅಳೆದುಕೊಳ್ಳಿ, ಸಬ್ಮಿಷನ್ ಹಿಂದಿನ ರಾತ್ರಿ ಅಲ್ಲ.

ಅರ್ಧ ದಾರಿ ಬಂದಮೇಲೆ ಇದನ್ನು ಓದುತ್ತಿದ್ದರೆ? ಬದಲಾಯಿಸಲು ಒಂದು ಗಡುವು ಇದೆ. ಮೋಷನ್‌ನಲ್ಲಿ ಅದು ಆ್ಯನಿಮ್ಯಾಟಿಕ್ ಹಂತ: ಸ್ಟೋರಿಬೋರ್ಡ್ ಚಿತ್ರಗಳನ್ನು ಸಾಲಾಗಿ ಜೋಡಿಸಿ ಓಡಿಸಿದಾಗ ವಿಷಯ ತಿಳಿಯದಿದ್ದರೆ ಮುಂದಿನ ಯಾವ ಹೊಳಪೂ ಅದನ್ನು ತಿಳಿಸುವುದಿಲ್ಲ, ಆಗಲೇ ಬೋರ್ಡ್‌ಗೆ ವಾಪಸ್ ಹೋಗಿ. ಪ್ಯಾಕೇಜಿಂಗ್‌ನಲ್ಲಿ ಮೂರನೇ ಡಮ್ಮಿಯೂ ಕೂರದಿದ್ದರೆ ಆಕಾರ ಬದಲಿಸಿ, ವಿಷಯ ಬದಲಿಸಬೇಡಿ. ಬ್ರ್ಯಾಂಡಿಂಗ್‌ನಲ್ಲಿ ಸಿಕ್ಕಿಹಾಕಿಕೊಂಡವರು ಗೈಡ್‌ಲೈನ್ ಪುಟಗಳನ್ನು ಹೆಚ್ಚಿಸುವುದು ನಿಲ್ಲಿಸಿ, ಆ ಗುರುತು ನಿಜವಾಗಿ ಬಳಕೆಯಾಗುವ ಒಂದೇ ಒಂದು ವಸ್ತು ಆರಿಸಿ, ಅದೊಂದನ್ನು ಸರಿಯಾದ ಅಳತೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಎರಡು ದಿನ ನೋಡಲಿ.